ನಿಂತು ತೋರಿಸಿ, ಮಾಸ್ಟ್ರೇ

"ಕುಡಿದು ಬಂದಿದ್ದೀರಾ?"

ಮಾತಿನ ಹಿಂದೆಯೇ ವೆಲ್ಡಿಂಗ್ ಶೆಡ್ಡಿನ ಒಡತಿಯ ಕೈಯಿಂದ ಸ್ಪ್ಯಾನರ್ ಹಾರಿ ಬಂತು. ಬಾಕ್ಸಿಂಗ್ ಮಾಸ್ಟರ್ ತಲೆ ತಗ್ಗಿಸಿದ. ವಯಸ್ಸು ಅರವತ್ತು ದಾಟಿದ್ದರೂ ಏಟು ತಪ್ಪಿಸಿಕೊಳ್ಳುವ ಅಭ್ಯಾಸ ಮಾತ್ರ ಮೈಬಿಟ್ಟಿರಲಿಲ್ಲ. ಸ್ಪ್ಯಾನರ್ ಹಿಂದಿದ್ದ ತಗಡಿಗೆ ಬಡಿದು ಬೀದಿಗೆಲ್ಲ ಕೇಳಿಸುವಂತೆ ಸದ್ದಾಯಿತು.

"ನಾನು ಕುಡಿಯೋನಲ್ಲ ಕಣ್ರೀ! ಪಂಚಿಂಗ್ ಬ್ಯಾಗಿನ ಸ್ಟ್ಯಾಂಡ್ ಮುರಿದಿದೆ, ವೆಲ್ಡಿಂಗ್ ಮಾಡಿಸೋಣ ಅಂತ ಬಂದೆ."

"ಹಾಗಾದ್ರೆ ಒಂದು ಚಪ್ಪಲಿ ಎಲ್ಲಿ? ಕಾಲು ನೋಡ್ಕೊಳ್ಳಿ."

ನೋಡಿಕೊಂಡ. ಎಡಗಾಲು ಬರಿಗಾಲಾಗಿತ್ತು. ಆಗಷ್ಟೇ ಗುಡಿಸಿದ ನೆಲದ ಮೇಲೆ ಬಾಗಿಲಿನಿಂದ ಅವನು ನಿಂತಿದ್ದ ಜಾಗದವರೆಗೂ ರಕ್ತದ ಹೆಜ್ಜೆಗಳು. ಚಪ್ಪಲಿ ಎಲ್ಲಿ ಕಳಚಿತೋ, ಪಾದಕ್ಕೆ ಏನು ಹೊಕ್ಕಿತೋ, ಅವನಿಗೆ ತಿಳಿದೇ ಇರಲಿಲ್ಲ. ಸಕ್ಕರೆ ಕಾಯಿಲೆ ಅವನ ಪಾದಗಳನ್ನು ಎಂದೋ ಮರಗಟ್ಟಿಸಿತ್ತು.

ಅವಳು ಮುಖದ ಮೇಲಿನ ವೆಲ್ಡಿಂಗ್ ಮಾಸ್ಕ್ ಮೇಲಕ್ಕೆತ್ತಿದಳು. ಬೆವರಿಗೆ ಹಣೆಗಂಟಿದ ನರೆಗೂದಲು, ಬೆಂಕಿ ನೋಡಿ ನೋಡಿ ಕೆಂಪಾದ ಕಣ್ಣು. ಸ್ಟೂಲಿನ ಮೇಲೆ ಅವನನ್ನು ತಳ್ಳಿ ಕೂರಿಸಿ, ಕಾಲನ್ನು ತನ್ನ ಮಂಡಿಯ ಮೇಲಿಟ್ಟುಕೊಂಡು, ಇಕ್ಕಳದಿಂದ ಬೆರಳುದ್ದದ ತಗಡಿನ ಚೂರೊಂದನ್ನು ಎಳೆದು ತೆಗೆದಳು.

"ನೋವಾಗ್ಲಿಲ್ವಾ?"

"ಇಲ್ಲ," ಎಂದ ಮಾಸ್ಟರ್, ಎದೆ ಸೆಟೆಸಿ.

"ಅದಕ್ಕೆ ಜಂಬ ಬೇರೆ!" ಎನ್ನುತ್ತಾ ಅವಳು ಗಾಯದ ಮೇಲೆ ಸ್ಪಿರಿಟ್ ಸುರಿದಳು. ಅದೂ ಅವನಿಗೆ ಉರಿಯಲಿಲ್ಲ. ಆದರೆ ಕಾಲಿನ ಗಂಟನ್ನು ಹಿಡಿದಿದ್ದ ಅವಳ ಒರಟು ಕೈಯ ಬಿಸಿ ಮಾತ್ರ ಮೊಣಕಾಲಿನವರೆಗೆ ಏರಿತು.

ಸ್ಟ್ಯಾಂಡ್ ರಿಪೇರಿಯಾಯಿತು. ಮರುವಾರ ಇನ್ನೇನೋ ಮುರಿಯಿತು. ಆಮೇಲೆ ಮುರಿಯದ ವಸ್ತುಗಳೂ ಅವಳ ಶೆಡ್ಡಿಗೆ ಬರತೊಡಗಿದವು. ಬೀದಿಯೆಲ್ಲ ಅವಳನ್ನು ವೆಲ್ಡಿಂಗ್ ಅಕ್ಕ ಎನ್ನುತ್ತಿತ್ತು. ಮಾಸ್ಟರನ ನಾಲಿಗೆಗೆ ಮಾತ್ರ ಆ ಪದ ಹತ್ತಲೇ ಇಲ್ಲ.

"ಎಲ್ರೂ ಅಕ್ಕ ಅಂತಾರೆ. ನೀವ್ಯಾಕೆ 'ಇವರೇ, ಇವರೇ' ಅಂತೀರಾ?" ಒಂದು ದಿನ ಅವಳು ಕೇಳಿಯೇಬಿಟ್ಟಳು. ಮಾಸ್ಕಿನ ಕೆಳಗಿಂದ ತುಟಿಯ ಒಂದು ಕೊನೆ ಮಾತ್ರ ಕಾಣುತ್ತಿತ್ತು. ಅದು ನಗುತ್ತಿತ್ತು.

"ವಯಸ್ಸಲ್ಲಿ ನಾನು ದೊಡ್ಡವನಲ್ವಾ?"

"ಅಷ್ಟೇನಾ?"

"ಸದ್ಯಕ್ಕೆ ಅಷ್ಟೇ."

ನಗು ನಿಲ್ಲುತ್ತಿದ್ದುದು ಒಂದೇ ಮಾತಿಗೆ. "ಮಾತ್ರೆ ತಗೊಂಡ್ರಾ? ಗಾಯ ಮತ್ತೆ ತೋರಿಸಿದ್ರಾ?"

"ಹೂಂ" ಎನ್ನುತ್ತಿದ್ದ. ಎರಡೂ ಸುಳ್ಳು. ಆಸ್ಪತ್ರೆಯ ಡಾಕ್ಟರಮ್ಮ, "ಹೀಗೇ ಬಿಟ್ರೆ ಬೆರಳು ಹೋಗತ್ತೆ" ಎಂದಾಗ ಕುರ್ಚಿ ಒದ್ದು ಎದ್ದುಬಂದವನು ಮತ್ತೆ ಅತ್ತ ಹೋಗಿರಲಿಲ್ಲ. ಯಾರಿಗೋಸ್ಕರ ಈ ಪಥ್ಯ, ಈ ಸೂಜಿ? ಮದುವೆಯಾಗಲಿಲ್ಲ, ಮಕ್ಕಳಿಲ್ಲ. ಎದುರಾಳಿಯ ಮುಖಕ್ಕೆ ಗುದ್ದಿ ಬದುಕಿದವನು, ಮುಖವೇ ಇಲ್ಲದ ಈ ಶತ್ರುವಿಗೆ ಎಲ್ಲಿ ಹೊಡೆಯಬೇಕು?

ಕೊನೆಗೆ ಅವಳ ಕಾಟಕ್ಕೆ ರಕ್ತ ಪರೀಕ್ಷೆಗೆ ಒಪ್ಪಿದ. ರಿಪೋರ್ಟ್ ಚೆನ್ನಾಗಿ ಬರಲಿ ಎಂದು, ತಪ್ಪಿಸಿದ್ದ ಮಾತ್ರೆಗಳನ್ನೂ ಸೇರಿಸಿ ಒಂದೇ ಗುಟುಕಿಗೆ ನುಂಗಿದ. ತಿಂಡಿ ತಿನ್ನಲಿಲ್ಲ. ಲ್ಯಾಬಿನಲ್ಲಿ ರಕ್ತ ಕೊಟ್ಟು ನೇರ ಶೆಡ್ಡಿನತ್ತ ನಡೆದ. "ಸಂಜೆ ರಿಪೋರ್ಟ್ ಬರತ್ತೆ, ಬೇಕಾದ್ರೆ ನೋಡ್ಕೊಳ್ಳಿ" ಎಂದು ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡ.

ಹೇಳಲಾಗಲಿಲ್ಲ. ಅವಳು ಮಾಡಿಟ್ಟ ಗ್ರಿಲ್ಲುಗಳು ಬೀದಿಯಲ್ಲಿ ಚೆಲ್ಲಾಡಿದ್ದವು. ಒಳಗೆ ಮೂವರು ಗಂಡಸರು. ಒಬ್ಬ ಅವಳ ಮೈದುನ, ಸತ್ತ ಗಂಡನ ತಮ್ಮ. ಅವನ ಒಂದು ಕೈಯಲ್ಲಿ ಕಬ್ಬಿಣದ ರಾಡು, ಇನ್ನೊಂದರಲ್ಲಿ ಅವಳ ಜುಟ್ಟು.

"ಇದು ನಮ್ಮಣ್ಣನ ಜಾಗ. ನೀನಾಗೇ ಖಾಲಿ ಮಾಡ್ತೀಯೋ, ಎಳೆದು ಬಿಸಾಕ್ಲೋ?"

"ಮುಟ್ಟಿದ ಕೈ ಉಳಿಯಲ್ಲ ನೋಡು!" ಎಂದಳು ಅವಳು, ಹಲ್ಲು ಕಚ್ಚಿ.

ಮಾಸ್ಟರನ ಮೊದಲ ಗುದ್ದು ಮೈದುನನ ದವಡೆಗೆ ಬಿತ್ತು. ಅವನು ಜುಟ್ಟು ಬಿಟ್ಟು ರಕ್ತದ ಜೊತೆ ಹಲ್ಲೊಂದನ್ನು ಉಗಿದ. ಎರಡನೆಯದು ಇನ್ನೊಬ್ಬನ ಪಕ್ಕೆಗೆ. ಅವನು ಮುದುರಿಕೊಂಡು ಬಿದ್ದ. ಹರೆಯದ ಕೈ ಮರಳಿ ಬಂದಿತ್ತು! ಮಾಸ್ಟರ್ ಮೂರನೆಯದಕ್ಕೆ ಮುಷ್ಟಿ ಎತ್ತಿದ.

ಮುಷ್ಟಿ ನಡುಗಿತು. ಮೈಯೆಲ್ಲ ತಣ್ಣನೆಯ ಬೆವರು. ಎದುರಿಗಿದ್ದ ಮುಖ ಎರಡಾಯಿತು, ಆಮೇಲೆ ಮಂಜಾಯಿತು. ಯಾರೂ ಹೊಡೆಯದೆಯೇ ಅವನ ಮೊಣಕಾಲುಗಳು ಕುಸಿದವು. ನೆಲಕ್ಕೆ ಬಿದ್ದವನ ಪಕ್ಕೆಗೆ ಬೂಟುಗಾಲು ಒದೆಯಿತು.

"ಮಾಸ್ಟ್ರೇ!" ಅವಳು ತಿರುಗಿ ನೋಡಿದಳು.

ಅಷ್ಟೇ ಸಾಕಾಯಿತು. ರಾಡು ಅವಳ ಎಡಗೈಯ ಮೇಲೆ ಬಿತ್ತು. ಎಲುಬು ಮುರಿದ ಸದ್ದು ಬಿದ್ದಲ್ಲಿಂದಲೇ ಅವನಿಗೆ ಕೇಳಿಸಿತು, ಹಸಿ ಕೊಂಬೆ ಸೀಳಿದ ಹಾಗೆ.

ಆಮೇಲಿನದು ತುಂಡು ತುಂಡಾಗಿ ಕಂಡಿತು. ಕೊಕ್ಕೆಯಲ್ಲಿ ಉರಿಯುತ್ತಲೇ ನೇತಾಡುತ್ತಿದ್ದ ಕಟಿಂಗ್ ಟಾರ್ಚನ್ನು ಅವಳು ಬಲಗೈಯಲ್ಲಿ ಕಿತ್ತುಕೊಂಡದ್ದು. ನೀಲಿ ಜ್ವಾಲೆ ಮೈದುನನ ತೋಳಿಗೆ ಹತ್ತಿದ್ದು. ಮೂವರೂ ಚೀರುತ್ತಾ ಬೀದಿಗೆ ಬಿದ್ದು ಓಡಿದ್ದು. ಎದುರಿನ ಟೀ ಅಂಗಡಿಯವನು ಮಾಸ್ಟರನ ಬಾಯಿಗೆ ಸಕ್ಕರೆ ನೀರು ಹೊಯ್ದದ್ದು.

ಪೊಲೀಸರು ಮೂವರನ್ನೂ ಹಿಡಿದರು. ಆಸ್ಪತ್ರೆಯಲ್ಲಿ ಮಾಸ್ಟರನ ಕಾಲಿನ ಬ್ಯಾಂಡೇಜ್ ಬಿಚ್ಚಿದಾಗ ಹಳೆಯ ಗಾಯ ಒಳಗೊಳಗೇ ಕೊಳೆತಿತ್ತು. ಹೆಬ್ಬೆರಳನ್ನು ತೆಗೆದರು.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಅವಳು ಅವನ ಮಂಚದ ಬಳಿ ಬಂದಳು.

"ಸಕ್ಕರೆ ಇಳಿದು ಬಿದ್ರಂತೆ. ಆವತ್ತು ತಿಂಡಿ ತಿಂದಿದ್ರಾ?"

ಅವನು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ. ಬೇರೆ ಬೇರೆ ದಿನದ ಮಾತ್ರೆಗಳನ್ನು ಒಟ್ಟಿಗೆ ನುಂಗಿದ್ದನ್ನೂ.

ಮೇಜಿನ ಮೇಲಿದ್ದ ಸ್ಟೀಲ್ ಲೋಟ ಗೋಡೆಗೆ ಅಪ್ಪಳಿಸಿತು. ವಾರ್ಡಿನಲ್ಲಿ ಎಲ್ಲರೂ ತಿರುಗಿ ನೋಡಿದರು.

"ನನ್ನ ಗಂಡನೂ ಹೀಗೇ! ಬಿಪಿ ಮಾತ್ರೆ ನುಂಗಿದೆ ಅಂತ ನನಗೆ ಹೇಳಿ ಜೇಬಲ್ಲಿ ಇಟ್ಕೊಳ್ತಿದ್ದ. ಕೆಲಸ ಮಾಡ್ತಾ ಮಾಡ್ತಾನೇ ಬಿದ್ದ. ಎದೆಗೆ ಗುದ್ದಿದೆ, ಗುದ್ದಿದೆ, ನನ್ನ ಕೈ ಸೋತುಹೋಯ್ತು. ಏಳ್ಲಿಲ್ಲ. ಇನ್ನೊಂದು ಹೆಣ ಎತ್ತೋ ಶಕ್ತಿ ನಂಗಿಲ್ಲ. ನಿಮ್ಮ ಕಾಲ ಮೇಲೆ ನೀವು ನಿಂತು ತೋರಿಸಿ, ಮಾಸ್ಟ್ರೇ. ಅಲ್ಲೀತನಕ ನನ್ನ ಶೆಡ್ಡಿನೊಳಗೆ ಕಾಲಿಡ್ಬೇಡಿ."

ಅವನು ಶುರುಮಾಡಿದ್ದು ಸಿಟ್ಟಿನಿಂದಲೇ. ಕತ್ತಿಯಿಂದ ಇರಿದ ಹಾಗೆ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಂಡ. ಸೊಪ್ಪು, ಬೇಳೆಯನ್ನು ಶತ್ರುವಿನ ಮಾಂಸದಂತೆ ಹರಿದು ಅಗಿದ. ಒಂದು ದಿನ ಸೋತು, ಸಿಹಿಯ ಡಬ್ಬವನ್ನು ಪೂರ್ತಿ ಖಾಲಿ ಮಾಡಿ, ಡಬ್ಬವನ್ನು ಗೋಡೆಗೆ ಬಡಿದು ಅತ್ತ. ಮರುದಿನ ಮತ್ತೆ ಸೂಜಿ ಹಿಡಿದ. ಎರಡನೇ ಸಲ ಅನ್ನ ಬಡಿಸಿಕೊಳ್ಳಲು ಕೈ ಚಾಚಿದರೆ ಅವಳ ಎಲುಬು ಮುರಿದ ಸದ್ದು ಕಿವಿಯನ್ನು ಸೀಳುತ್ತಿತ್ತು. ಅನ್ನದ ಪಾತ್ರೆಯ ಮುಚ್ಚಳ ಮುಚ್ಚುತ್ತಿದ್ದ.

ಡಾಕ್ಟರಮ್ಮನ ಎದುರು ಕುರ್ಚಿ ಒದೆಯದೆ ಕೂತು ಕೇಳಿಸಿಕೊಳ್ಳಲು ಕಲಿತ. ಬರುಬರುತ್ತಾ ಸಿಟ್ಟು ಸವೆಯಿತು. ಬೆಳಗ್ಗೆ ಪಾದದಡಿ ಕನ್ನಡಿ ಹಿಡಿದು ನೋಡುವಾಗ, ಇದನ್ನು ಒಬ್ಬಳು ಮಂಡಿಯ ಮೇಲಿಟ್ಟುಕೊಂಡಿದ್ದಳಲ್ಲ ಎಂದು ಅದನ್ನು ಮೆಲ್ಲಗೆ ಒರೆಸತೊಡಗಿದ.

ಪ್ಲಾಸ್ಟರ್ ತೆಗೆದ ಮೇಲೂ ಅವಳ ಎಡಗೈಗೆ ಬಲ ಬಂದಿಲ್ಲವೆಂದು ಟೀ ಅಂಗಡಿಯಲ್ಲಿ ಕೇಳಿದ ದಿನ, ಬಾಕ್ಸಿಂಗ್ ಪ್ಯಾಡುಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟ.

"ಬರ್ಬೇಡಿ ಅಂದಿದ್ದೆ."

"ಒಳಗೆ ಬರ್ಬೇಡಿ ಅಂದಿದ್ರಿ. ನಾನು ಹೊಸಿಲಿನಾಚೆ ಇದ್ದೀನಿ." ಪ್ಯಾಡುಗಳನ್ನು ಕೈಗೆ ಏರಿಸಿದ. "ಎಡಗೈಯಲ್ಲಿ ಹೊಡೀರಿ. ಬಲ ಬರತ್ತೆ."

ಅವಳು ಹೊಡೆದಳು. ಹೂ ಬಿದ್ದ ಹಾಗಿತ್ತು.

"ಇಷ್ಟೇನಾ ಕೋಪ?"

"ಇದು ಸುಳ್ಳು ಹೇಳಿದ್ದಕ್ಕೆ!" ಎರಡನೆಯದು ಗಟ್ಟಿಯಾಗಿ ಬಿತ್ತು. "ಇದು ಹೊಟ್ಟೆಗೆ ತಿನ್ನದೆ ಬಂದಿದ್ದಕ್ಕೆ! ಇದು... ಇಷ್ಟು ದಿನ ಬರದೇ ಇದ್ದಿದ್ದಕ್ಕೆ!"

ಕೊನೆಯದು ಪ್ಯಾಡನ್ನು ಜಾರಿಕೊಂಡು ಅವನ ಬಾಯಿಗೆ ಬಿತ್ತು. ತುಟಿ ಒಡೆದು ರಕ್ತ ಚಿಮ್ಮಿತು. ಅವಳು ಬೆಚ್ಚಿ, ಅವನನ್ನು ಹಿಡಿಯಲು ಕೈ ಚಾಚಿದಳು. ಅವನು ಬೀಳಲಿಲ್ಲ. ಅಲುಗಲೂ ಇಲ್ಲ.

"ನಂಗೆ ಇನ್ನೂ ಇಪ್ಪತ್ತು ವರ್ಷ ನಿಮ್ಮ ಕೈಲಿ ಹೊಡೆಸ್ಕೋಬೇಕು," ಎಂದ, ರಕ್ತ ಒರೆಸಿಕೊಳ್ಳದೆ. "ಅದಕ್ಕೇ ಸೂಜಿ ಚುಚ್ಕೊಳ್ತಿದ್ದೀನಿ. ಬೇರೆ ಕಾರಣ ಏನೂ ಇಲ್ಲ."

ಅವಳು ಮುಷ್ಟಿ ಬಿಚ್ಚಿದಳು.

"ಇಪ್ಪತ್ತೇನಾ?"

"ಜಾಸ್ತಿ ಆಯ್ತಾ?"

"ಕಡಿಮೆ ಆಯ್ತು." ಸೆರಗಿನ ತುದಿಯನ್ನು ಅವನ ತುಟಿಗೆ ಒತ್ತಿದಳು. "ಒಳಗೆ ಬನ್ನಿ, ಊಟದ ಹೊತ್ತು. ಇಂಜೆಕ್ಷನ್ ತಂದಿದ್ದೀರಾ?"

"ತಂದಿದ್ದೀನಿ. ನೀವು ಸ್ವಲ್ಪ ಆಕಡೆ ತಿರುಗಿ. ಶರ್ಟ್ ಎತ್ತಬೇಕು."

"ಈ ವಯಸ್ಸಲ್ಲಿ ಎಂಥ ನಾಚಿಕೆ! ಕೊಡಿ ಇಲ್ಲಿ."

ಎಡಗೈಯಿಂದ ಅವನ ಹೊಟ್ಟೆಯ ಚರ್ಮ ಹಿಡಿದು, ಬಲಗೈಯಿಂದ ಅವಳೇ ಚುಚ್ಚಿದಳು. ಕುಸ್ತಿಗೆ ನಿಂತವಳ ಹಾಗೆ ಹುಬ್ಬು ಗಂಟಿಕ್ಕಿತ್ತು. ಮಾಸ್ಟರ್ ಹಲ್ಲು ಕಚ್ಚಿ ನಿಂತಿದ್ದ.

ಸೂಜಿ ಹೊರಗೆ ಬಂತು. ಆ ಬಲವಿಲ್ಲದ ಎಡಗೈ ಮಾತ್ರ ಅಲ್ಲೇ, ಅವನ ಮೈಮೇಲೆಯೇ ಉಳಿಯಿತು.