‘ಅ’ ಡ್ರಾಯರಿನ ಕಾಗದ

ಕಾರ್ಡು ಡ್ರಾಯರುಗಳ ಧೂಳು ಒರೆಸುತ್ತಾ ಸುಮೇಧಾ ‘ಉ’ವರೆಗೆ ಬಂದಿದ್ದಳು. ಕೋಡಂಬಾಕ್ಕಂನ ಆ ಕನ್ನಡ ಸಂಘದ ಲೈಬ್ರರಿಯಲ್ಲಿ ಒಂಬತ್ತು ವರ್ಷದಿಂದ ಎಲ್ಲ ಕಾರ್ಡಿನ ಮೇಲೂ ಅವಳದೇ ಕೈಬರಹ.

“ಶನಿವಾರ ಇವೆಲ್ಲ ಗುಜರಿಗೆ. ಸುಮ್ನೆ ಯಾಕೆ ಒರೆಸ್ತೀರಿ?” ಅಂದ ಅಭಿಲಾಷ್, ಕಂಪ್ಯೂಟರಿನಿಂದ ತಲೆ ಎತ್ತದೆ.

“ಹೋಗೋರಿಗೂ ಮುಖ ತೊಳೆಸಿ ಕಳಿಸೋದು ನಮ್ಮನೆ ಪಳಕ್ಕಂ, ರೂಢಿ.”

ಎಂಟು ತಿಂಗಳಿಂದ ಹೀಗೇ. ಮೈಸೂರಿನ ಈ ಹುಡುಗ ಭಾನುವಾರ ಭಾನುವಾರ ಬಂದು, ಪುಸ್ತಕ ಹುಡುಕುವ ಪ್ರೋಗ್ರಾಂ ಬರೆಯುತ್ತಿದ್ದ. ಎರಡು ಸಾವಿರದ ಇಸವಿಯ ದೀಪಾವಳಿಗೆ, ಮದುವೆಯಾಗುತ್ತೀರಾ ಎಂದು ಅವಳಿಗೆ ಕಾಗದ ಹಾಕಿದ್ದ. ಅವಳು ‘ಆಗಲಿ’ ಎಂದು ಬರೆದು ಸ್ಟಾಂಪ್ ಹಚ್ಚಿದ ಸಂಜೆಯೇ ಕಮಿಟಿಯವರ ಎದುರು “ಈ ಕಾರ್ಡುಗಳು ಬರೀ ಕಸ” ಅಂದುಬಿಟ್ಟ. ಉತ್ತರ ‘ಅ’ ಡ್ರಾಯರಿನ ತಳ ಸೇರಿತು. ಅವಳ ಮೌನವನ್ನು ಅವನು ತಿರಸ್ಕಾರ ಅಂದುಕೊಂಡ. ಅಲ್ಲಿಂದ ಮಾತೆಲ್ಲ ಮುಳ್ಳು.

ಪಕ್ಕದ ಬೀದಿಯ ನಾಗರತ್ನಮ್ಮ ಬಂದರು. “ಮನೇಲಿ ಎಳೆಗೂಸು ಹಾಲು ಕಕ್ತಿದೆಯಮ್ಮ. ಏನಾದ್ರೂ ಪುಸ್ತಕ ಇದೆಯಾ?”

“ನಾನು ಹುಡುಕ್ತೀನಿ,” ಅಂದ ಅಭಿಲಾಷ್, ಸುಮೇಧಾಗೂ ಕೇಳಿಸುವಂತೆ. “ಪ್ರತಿ ಪದ ಯಾವ ಯಾವ ಪುಸ್ತಕದಲ್ಲಿ ಬರುತ್ತೆ ಅನ್ನೋ ಪಟ್ಟಿ ಇದರೊಳಗಿದೆ. ‘ಮನೆ’ ಎಲ್ಲ ಕಡೆ ಬರುತ್ತೆ, ಅದಕ್ಕೆ ತೂಕ ಕಮ್ಮಿ. ‘ಎಳೆಗೂಸು’ ಅಪರೂಪ, ಅದಕ್ಕೇ ತೂಕ ಹೆಚ್ಚು.”

‘ಎಳೆಗೂಸು’ ಅಂತಷ್ಟೇ ಹೊಡೆದು ಕೀಲಿ ಒತ್ತಿದ. ಪರದೆ ಮೇಲೆ ಸೊನ್ನೆ.

ಸುಮೇಧಾ ನಗಲಿಲ್ಲ. ಎಡಹುಬ್ಬು ಮಾತ್ರ ಒಂದಿಷ್ಟು ಏರಿತು. ‘ಎ’ ಡ್ರಾಯರ್ ಎಳೆದಳು. ಕಾರ್ಡಿನಲ್ಲಿ ನೀಲಿ ಅಕ್ಷರ: ‘ಎಳೆಗೂಸು: ಶಿಶುಪಾಲನೆ ನೋಡಿ.’ ಎರಡೇ ನಿಮಿಷಕ್ಕೆ ಪುಸ್ತಕ ನಾಗರತ್ನಮ್ಮನ ಚೀಲದಲ್ಲಿತ್ತು.

“ಕೇಳೋರ ಮಾತು ಬೇರೆ, ಬರೆಯೋರ ಮಾತು ಬೇರೆ, ಸಾರ್. ನಡುವೆ ಒಬ್ಬರು ಬೇಕಾಗತ್ತೆ.”

ಅವನ ಕಿವಿ ಕೆಂಪಾಯಿತು. “ಕಸ ಅಂದದ್ದು ತಪ್ಪು. ಗುಜರಿಯವನಿಗೆ ಬೇಡ ಅಂತೀನಿ. ಈ ‘ನೋಡಿ’ಗಳನ್ನೆಲ್ಲ ಇದರೊಳಗೆ ಸೇರಿಸ್ತೀನಿ. ‘ಅ’ದಿಂದ ಶುರು, ಒಂದು ಕಾರ್ಡೂ ಬಿಡಲ್ಲ.”

ಅವನ ಕೈ ಹಿಡಿಕೆಗೆ ಹೋಗುವ ಮೊದಲೇ ಸುಮೇಧಾ ಅಡ್ಡ ನಿಂತಳು.

“ಅದರಲ್ಲಿ ಧೂಳಿದೆ.”

“ಅದನ್ನೇ ಮೊದಲು ಒರೆಸಿದ್ರಿ. ನೋಡ್ತಿದ್ದೆ.”

“ಕಂಪ್ಯೂಟರ್ ನೋಡ್ತಿದ್ದೀರಿ ಅಂದ್ಕೊಂಡಿದ್ದೆ.”

“ನಾನೂ ಒಂದು ಕೇಳಿದ್ದೆ, ದೀಪಾವಳಿಗೆ,” ಅಂದ ಒರಟಾಗಿ. “ಅದಕ್ಕೂ ಸೊನ್ನೆಯೇ ಬಂತು.”

“ಸೊನ್ನೆ ಬಂದ್ರೆ ಉತ್ತರ ಇಲ್ಲ ಅಂತಲ್ಲ. ಈಗ ತಾನೇ ನೋಡಿದ್ರಲ್ಲ. ಆ ಕಡೆ ತಿರುಗಿ.”

ಅವನು ತಿರುಗಿದ. ಕಾಗದ ತೆಗೆದು ಒರೆಸುವ ಬಟ್ಟೆಯಲ್ಲಿ ಸುತ್ತಿಕೊಂಡು ಅವಳು ಮೆಟ್ಟಿಲಿಳಿದಳು. ಕೈಗೇ ಕೊಡಬಹುದಿತ್ತು. ಕಸ ಅಂದವನಿಗೆ ಅಷ್ಟು ಸಲೀಸಾಗಿ ಬೇಡ. ಇನ್ನೆರಡು ದಿನ ಪೋಸ್ಟ್‌ಮ್ಯಾನ್ ದಾರಿ ಕಾಯಲಿ.

ಬೀದಿ ಮೂಲೆಯ ಕೆಂಪು ಅಂಚೆಡಬ್ಬಿಗೆ ಕಾಗದ ಹಾಕಿ, ಒಳಗೆ ಬಿದ್ದ ಸದ್ದು ಕೇಳುವವರೆಗೂ ನಿಂತಿದ್ದಳು.