ಎರವಲು ಮುಖ

ಬೆರಳು ತಾಗಿಸಿದ್ದೇ ತಡ, ಪುಟ ತೆರೆಯಿತು. ಗುರುತು ಪತ್ತೆಯಾಗದ ಒಬ್ಬನ ಫೋಟೋ ಕಣ್ಣು ಮಿಟುಕಿಸುವಷ್ಟರಲ್ಲಿ ಫಕೀರವ್ವನ ಹಳೆಯ ಮೊಬೈಲಿನಲ್ಲಿ ಮೂಡಿತು. ಕಾಣೆಯಾದವರನ್ನು ಹುಡುಕುವ ಆ ಜಾಲತಾಣ ಮೊದಲೆಲ್ಲ ಹಳ್ಳಿಯ ಸಿಗ್ನಲ್ಲಿನಲ್ಲಿ ತೆರೆಯುತ್ತಲೇ ಇರಲಿಲ್ಲ. ಕಂಪ್ಯೂಟರ್ ತಜ್ಞೆ ಡಾ. ವಾರಿಜಾ ರೂಪಿಸಿದ, ಚಿತ್ರಗಳನ್ನು ಕಿರಿದಾಗಿಸಿ ಕಳಿಸುವ ‘ಚಿತ್ರಸಂಕೋಚಕ’ವನ್ನು ಅಳವಡಿಸಿದ ಮೇಲೆ ಈ ವೇಗ ಬಂದಿತ್ತು. ಆ ಫೋಟೋದಲ್ಲಿ, ಮನೆಬಿಟ್ಟು ಹೋದ ಮಗ ಯಮನೂರ ಇದ್ದ. ಕೆಳಗೆ ಹಾವೇರಿ ಬಳಿಯ ಆಶ್ರಯಧಾಮವೊಂದರ ವಿಳಾಸವಿತ್ತು.

ಫಕೀರವ್ವ ಮೊದಲ ಬಸ್ಸಿಗೇ ಹೊರಟಳು. ಆಶ್ರಯಧಾಮದ ಮೇಲ್ವಿಚಾರಕ ಹಡಪದ ಅವರು ಫೋಟೋದ ವ್ಯಕ್ತಿಯನ್ನು ಕರೆಸಿದರು.

“ಇವ ನನ್ನ ಮಗ ಅಲ್ರಿ. ಫೋಟೋದಾಗಿದ್ದಾಂವನ ಕರಸ್ರಿ.”

“ಫೋಟೋದಾಗಿದ್ದಾಂವ ಇವನ ನೋಡವ್ವ.”

ಆಕೆ ಮೊಬೈಲು ಚಾಚಿದಳು. ಅದರಲ್ಲಿ ಯಮನೂರನೇ ಇದ್ದ. ಹಡಪದ ತಮ್ಮ ಮೊಬೈಲಿನಲ್ಲಿ ಅದೇ ಪುಟ ತೆರೆದರೆ ಎದುರಿಗೆ ನಿಂತವನ ಮುಖ. ಹೋದ ತಿಂಗಳು ಇನ್ನೊಬ್ಬ ಹೆಂಗಸೂ ಹೀಗೇ ಜಗಳ ತೆಗೆದು ಹೋಗಿದ್ದಳು. ಇದರ ಹಿಂದೆ ಯಾರದೋ ಕೈವಾಡವಿದೆ ಎಂದು ಅವರಿಗೆ ಖಾತ್ರಿಯಾಯಿತು. ಫಕೀರವ್ವನ ಅನುಮಾನ ಇನ್ನೂ ಕೆಟ್ಟದ್ದು.

“ನನ್ನ ಮಗನ್ನ ಯಾರಿಗೆ ಕೊಟ್ಟೀರಿ? ಹೇಳೂ ಮಟಾ ಇಲ್ಲಿಂದ ಏಳಂಗಿಲ್ಲ.”

ಎರಡು ದಿನ ಆಕೆ ಜಗಲಿ ಬಿಟ್ಟು ಕದಲಲಿಲ್ಲ. ಕೊನೆಗೆ ಹಡಪದ ಡಾ. ವಾರಿಜಾ ಅವರನ್ನೇ ಕರೆಸಿದರು. ಅವರಿಗೂ ಮೊದಲು ಬಂದದ್ದು ಅನುಮಾನವೇ, ತಮ್ಮ ಯಂತ್ರದ ಮೇಲಲ್ಲ, ಈ ಮುದುಕಿಯ ಮೇಲೆ. ತಮ್ಮ ಕೂಸನ್ನು ಯಾರು ತಾನೇ ಶಂಕಿಸುತ್ತಾರೆ? ಮೊಬೈಲು ಇಸಿದುಕೊಂಡು ಅದರಲ್ಲಿ ಉಳಿಸಿಟ್ಟ ಚಿತ್ರಗಳನ್ನು ಸರಿಸುತ್ತ ಹೋದರು. ಯಮನೂರ, ಯಮನೂರ, ಯಮನೂರ. ಬೇರೆ ಒಂದು ಮುಖವೂ ಇರಲಿಲ್ಲ.

“ಬೇರೆ ಫೋಟೋಗಳು ಎಲ್ಲಮ್ಮ?”

“ಜಾಗ ಇಲ್ಲ ಅಂತಿತ್ರಿ ಮೊಬೈಲು. ಅವನವು ಬಿಟ್ಟು ಎಲ್ಲಾ ಅಳಿಸಿದೆ.”

ವಾರಿಜಾ ಅವರ ಮುಖ ಸಪ್ಪಗಾಯಿತು. “ತಪ್ಪು ನಮ್ಮದೇ ಹಡಪದ ಅವರೇ. ಸಂಕೋಚಕ ಇಡೀ ಚಿತ್ರ ಕಳಿಸುವುದಿಲ್ಲ, ಬರೀ ‘ಚಿತ್ರಸಾರ’, ಅಂದರೆ ಅದರ ರೂಪುರೇಷೆ, ಕಳಿಸುತ್ತದೆ. ಕಣ್ಣು, ಮೂಗು, ಬಾಯಿ ಎಲ್ಲವನ್ನೂ ನೋಡುವವರ ಮೊಬೈಲಿನಲ್ಲಿರುವ ಚಿತ್ರಗಳಿಂದಲೇ ಎರವಲು ಪಡೆದು ತುಂಬಿಕೊಳ್ಳುತ್ತದೆ. ಅದಕ್ಕೇ ಅಷ್ಟು ವೇಗ. ನಿಮ್ಮ ಮೊಬೈಲಿನಲ್ಲಿ ಸಾವಿರ ಮುಖಗಳಿವೆ, ಬೇಕಾದ್ದು ಸಿಕ್ಕಿತು. ಇವರದರಲ್ಲಿ ಮಗನ ಮುಖವೊಂದೇ, ಅದನ್ನೇ ತುಂಬಿಕೊಂಡಿತು. ನಾವು ಪರೀಕ್ಷಿಸಿದ್ದೂ ಅಂಥವನ್ನೇ. ಒಬ್ಬನದೇ ಮುಖ ಇಟ್ಟುಕೊಂಡವರು ಇರುತ್ತಾರೆಂದು ನಮಗೆ ಹೊಳೆಯಲೇ ಇಲ್ಲ.”

ಫಕೀರವ್ವನಿಗೆ ಇದೂ ಒಂದು ನೆಪವೆಂದೇ ತೋರಿತು. “ನಿಮ್ಮ ಯಂತ್ರ, ನಿಮ್ಮ ಮಾತು. ನಾ ಹೆಂಗ ನಂಬಲಿ?”

“ಎರವಲು ನಿಲ್ಲಿಸುತ್ತೇನಮ್ಮ. ಇನ್ನು ಬರುವುದೆಲ್ಲ ಅಸಲು ಚಿತ್ರವೇ. ಆದರೆ ಬಹಳ ನಿಧಾನ.”

ಫಕೀರವ್ವನ ಮೊಬೈಲಿನಲ್ಲಿ ಚಿತ್ರ ಮೇಲಿನಿಂದ ಎಳೆ ಎಳೆಯಾಗಿ ಇಳಿಯತೊಡಗಿತು. ಮೊದಲು ಗೋಡೆ, ಆಮೇಲೆ ಕೂದಲು. ಯಾರದಾದರೂ ಆಗಬಹುದಾದ ಕಪ್ಪು ಕೂದಲು ಅದು. ಹಣೆ ಬಂತು. ಹಡಪದ ಬಾಗಿ ನೋಡಿದರು. ಯಾರೂ ಕಾಯುವಂತಾಗಬಾರದೆಂದು ವರ್ಷಗಟ್ಟಲೆ ದುಡಿದಿದ್ದ ವಾರಿಜಾ ಅವರೂ ಕಾಯುತ್ತ ನಿಂತರು.

ಹುಬ್ಬು ಮೂಡುವ ಹೊತ್ತಿಗೆ ಫಕೀರವ್ವ ತೆರೆಯ ಮೇಲೆ ಅಂಗೈ ಮುಚ್ಚಿದಳು.

“ಇಲ್ಲೀಮಟಾ ನನ್ನ ಮಗನ ಅದಾನ್ರಿ,” ಎಂದಳು. “ಇಲ್ಲಿಗೇ ನಿಲ್ಲಸ್ರಿ.”