‘ಗಹ್ಲೈಬ’ ಚೀಟಿಯ ಕಳವು

ನಿಘಂಟು ಕಚೇರಿಯಲ್ಲಿ ಆ ಬೆಳಿಗ್ಗೆ ‘ಗಹ್ಲೈಬ’ ಎಂಬ ಪದದ ಅರ್ಥವನ್ನೂ ಆಧಾರವನ್ನೂ ಬರೆದಿಟ್ಟ ಚೀಟಿ ನಾಪತ್ತೆಯಾಗಿರುವುದು ಗೊತ್ತಾಯಿತು. ಅದರಲ್ಲಿದ್ದದ್ದೆಲ್ಲ ಹೊರಗಿನ ಪತ್ರಿಕೆಯೊಂದರಲ್ಲಿ ಯಾರದೋ ಗುಪ್ತನಾಮದಲ್ಲಿ ಅಚ್ಚಾಗಿ ಬಂದಿತ್ತು.

ಪ್ರಧಾನ ಸಂಪಾದಕರು ಕೆಂಡಾಮಂಡಲವಾದರು. ಹನ್ನೆರಡು ವರ್ಷದ ಬೆವರು! ಪ್ರಾಚೀನ ಜರ್ಮಾನಿಕ್ ನುಡಿಯ ಆ ಪದದಲ್ಲಿ ‘ಗ’ ಎಂದರೆ ಜೊತೆ, ಉಳಿದದ್ದು ರೊಟ್ಟಿ. ಒಂದೇ ರೊಟ್ಟಿ ಹಂಚಿಕೊಂಡು ತಿನ್ನುವವನೇ ಸಂಗಾತಿ. ಇದಕ್ಕೆ ಹಳೆಯ ಹಸ್ತಪ್ರತಿಯಲ್ಲಿ ಅವರಿಗೆ ಹೊಸ ಆಧಾರ ಸಿಕ್ಕಿತ್ತು.

“ಚೀಟಿ ನೋಡ್ಕೊಳ್ಳೋದು ನೀನು. ಸಂಜೆಯೊಳಗೆ ಸಿಗಲಿಲ್ಲ ಅಂದ್ರೆ ನಾಳೆಯಿಂದ ಬರಬೇಡ,” ಎಂದು ಚೀಟಿ ಜೋಡಿಸುವ ಹೆಂಗಸಿನ ಮೇಲೆ ಹರಿಹಾಯ್ದರು. ಇಪ್ಪತ್ತೈದು ವರ್ಷದಿಂದ ಸಂಪಾದಕರ ಜೊತೆಗೇ ಕೂತು ಉಣ್ಣುತ್ತಿದ್ದ ಉಪಸಂಪಾದಕರು, “ಸಮಾಧಾನ ಮಾಡ್ಕೊಳ್ಳೋ,” ಎಂದು ಬೆನ್ನು ಸವರಿದರು.

ಟೈಪಿಸ್ಟಿಗೆ ಇದು ಅನ್ಯಾಯ ಅನ್ನಿಸಿತು. ನೆಟ್ಟಗೆ ಕರಡು ತಿದ್ದುವ ಅಕ್ಕನ ಮೇಜಿಗೆ ಓಡಿದ. ಕಚೇರಿಯಲ್ಲಿ ಏನೇ ಕಳೆದರೂ ಪತ್ತೆ ಹಚ್ಚುವವಳು ಅವಳು. ಅವಳ ಬಲಗೈ ಇವನು.

“ಆ ಚೀಟಿ ನೀನು ಟೈಪ್ ಮಾಡಿದ್ದಲ್ವೇನೋ? ಕಾರ್ಬನ್ ಪ್ರತಿ ಇದ್ಯಾ?”

ಇತ್ತು. ಅಕ್ಕ ಪ್ರತಿಯನ್ನೂ ಪತ್ರಿಕೆಯನ್ನೂ ಪಕ್ಕಪಕ್ಕ ಇಟ್ಟು, ಸಾಲುಸಾಲಿಗೂ ಬೆರಳಿಟ್ಟು ಓದಿದಳು. ಆಧಾರ ಇರುವುದು ಹಸ್ತಪ್ರತಿಯ ಒಂಬತ್ತನೆಯ ಹಾಳೆಯಲ್ಲಿ ಎಂದಿತ್ತು ಕಾರ್ಬನ್ ಪ್ರತಿ. ಎಪ್ಪತ್ತನೆಯದರಲ್ಲಿ ಎಂದಿತ್ತು ಪತ್ರಿಕೆ. ಅಕ್ಕ ಸಂಪಾದಕರ ಕೋಣೆಗೆ ಹೋಗಿ ಎರಡೇ ಪ್ರಶ್ನೆ ಕೇಳಿಕೊಂಡು ಬಂದಳು.

ಸಂಜೆ ಎಲ್ಲರನ್ನೂ ಕೂರಿಸಿದಳು.

“ಎಪ್ಪತ್ತೇ ಸರಿಯಂತೆ. ಒಂಬತ್ತು ಅಂತ ಬರೆದದ್ದು ಸಾರ್ ಕೈತಪ್ಪು, ಇನ್ನೂ ತಿದ್ದಿರಲಿಲ್ಲ. ಬರೀ ಚೀಟಿ ಕದ್ದವರಾಗಿದ್ರೆ ಆ ತಪ್ಪನ್ನೂ ಹಾಗೇ ಬರೀತಿದ್ರು. ಇಲ್ಲಿರೋದು ಹಸ್ತಪ್ರತಿಯ ಫೋಟೋಗಳು ಮಾತ್ರ, ಅವೂ ಸಾರ್ ಮನೇಲಿ ಬೀಗದೊಳಗಿವೆ. ಅಂದಮೇಲೆ ಸರಿಯಾದ ಹಾಳೆ ಕಳ್ಳರಿಗೆ ಗೊತ್ತಾದದ್ದು ಸಾರ್ ಬಾಯಿಂದಲೇ. ಯಾರಿಗೆ ಹೇಳಿದ್ರಿ, ಸಾರ್?”

ಸಂಪಾದಕರು ಉಪಸಂಪಾದಕರ ಕಡೆ ತಿರುಗಿ, “ಊಟ ಮಾಡ್ತಾ... ನಿನಗೊಬ್ಬನಿಗೇ ಕಣೋ,” ಎಂದರು.

ಉಪಸಂಪಾದಕರು ಜೇಬಿನಿಂದ ಚೀಟಿ ತೆಗೆದು ಮೇಜಿನ ಮೇಲಿಟ್ಟರು. “ಅರ್ಧ ನಿಘಂಟು ನಾನು ಬರೆದೆ. ಮುಖಪುಟದಲ್ಲಿ ನಿನ್ನ ಹೆಸರೊಂದೇ.”

“ಒಂದು ಮಾತು ಕೇಳಿದ್ರೆ ನಿನ್ನದೂ ಹಾಕ್ತಿದ್ನಲ್ಲೋ!”

“ಕೇಳಬೇಕಿತ್ತಾ?”

ಕಳ್ಳ ಸಿಕ್ಕಿಬಿದ್ದರೂ ಟೈಪಿಸ್ಟಿಗೆ ಮೋಸಹೋದದ್ದು ತಾನೇ ಅನ್ನಿಸಿತು. ಆ ಇಬ್ಬರ ಸ್ನೇಹವನ್ನು ಅವನು ಮನೆಯಲ್ಲೆಲ್ಲ ಹೊಗಳಿಕೊಂಡಿದ್ದ.

ಕೊನೆಗೆ ಸಂಪಾದಕರು ಚೀಟಿಯವಳ ಕಡೆ ನೋಡಿ, “ನಾಳೆ ಬಾಮ್ಮ,” ಎಂದರು.

“ನಾನೂ ಹದಿನೆಂಟು ವರ್ಷದಿಂದ ಇಲ್ಲೇ ಇದ್ದೀನಿ, ಸಾರ್. ತೆಗೆದ್ಯಾ ಅಂತ ನೀವು ನನ್ನ ಒಂದು ಮಾತೂ ಕೇಳಲಿಲ್ಲ,” ಎಂದು ಆಕೆ ಎದ್ದು ನಡೆದಳು. ಮರುದಿನ ಬರಲಿಲ್ಲ.